ಕಾಡಿನ ನೆತ್ತಿಯ ಮೇಲೆ ಗಾಳಿ ಏನು ಮಾಡುತ್ತದೆ?

ಅಮೆಜಾನ್ ಕಾಡಿನ ಒಳಗೆ ಹಗಲು ಹೊತ್ತು ನಿಂತರೆ ಗಾಳಿ ಇದೆ ಅಂತಲೇ ಅನ್ನಿಸುವುದಿಲ್ಲ. ನೆಲದ ಹತ್ತಿರ ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಅರ್ಧ ಮೀಟರ್ ಕೂಡ ಇರುವುದಿಲ್ಲ. ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಕೆಳಗೆ ತಲುಪುತ್ತದೆ. ಎಲ್ಲವೂ ನಿಂತಲ್ಲೇ ನಿಂತಂತೆ ಕಾಣುತ್ತದೆ. ಆದರೆ 35–40 ಮೀಟರ್ ಮೇಲೆ, ಮರಗಳ ನೆತ್ತಿಯಲ್ಲಿ, ಗಾಳಿಗೆ ಪುರುಸೊತ್ತೇ ಇಲ್ಲ. ಎಲೆಗಳು ಬಿಟ್ಟ ನೀರಾವಿಯನ್ನು ಮೇಲಕ್ಕೆ ಒಯ್ಯಬೇಕು. ಎಲೆಗಳಿಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಕೆಳಗೆ ತರಬೇಕು. ಬಿಸಿಲಿಗೆ ಕಾದ ಎಲೆಗಳ ಚಾವಣಿಯ ಬಿಸಿಯನ್ನು ಆಕಾಶಕ್ಕೆ ಸಾಗಿಸಬೇಕು.

ಇದು ಸಣ್ಣ ಕೆಲಸವಲ್ಲ. ಅಮೆಜಾನ್ ಬಯಲಿಗೆ ಬೀಳುವ ಮಳೆಯಲ್ಲಿ ಸುಮಾರು ಅರ್ಧದಷ್ಟು ಅದೇ ಬಯಲಿನಿಂದ ಆವಿಯಾಗಿ ಹೋದ ನೀರೇ ಮತ್ತೆ ಬೀಳುವುದು ಎಂದು 1970ರ ದಶಕದಲ್ಲಿ ಬ್ರೆಜಿಲ್‌ನ ವಿಜ್ಞಾನಿ ಎನೆಯಾಸ್ ಸಲಾಟಿ ಮತ್ತು ಅವರ ಜೊತೆಗಾರರು ಲೆಕ್ಕ ಹಾಕಿದರು. ಆ ನೀರೆಲ್ಲ ಎಲೆಯಿಂದ ಮೋಡಕ್ಕೆ ಹೋಗುವ ದಾರಿಯಲ್ಲಿ ಮೊದಲು ದಾಟಬೇಕಾದದ್ದು ಕಾಡಿನ ನೆತ್ತಿಯ ಈ ಗಡಿಯನ್ನು.

ಹಾಗಾದರೆ ಒಂದು ಪ್ರಶ್ನೆ ಬರುತ್ತದೆ. ಒಳಗೆ ಗಾಳಿಯೇ ಆಡುವುದಿಲ್ಲ. ನಡುವೆ ಎಲೆಗಳ ದಪ್ಪ ಚಾವಣಿ ಇದೆ. ಇಷ್ಟೊಂದು ಸಾಗಾಟ ಹೇಗೆ ನಡೆಯುತ್ತದೆ? ಚಿಕ್ಕ ಉತ್ತರ: ಒಂದೇ ಸಮನೆ ನಡೆಯುವುದಿಲ್ಲ. ಕೆಲವು ಸೆಕೆಂಡುಗಳ ಗಾಳಿಯ ಹೊಡೆತಗಳಲ್ಲಿ, ಬಿಟ್ಟು ಬಿಟ್ಟು ನಡೆಯುತ್ತದೆ. ಇದು ಗೊತ್ತಾಗಲು ವಿಜ್ಞಾನಿಗಳಿಗೆ ಬಹಳ ಕಾಲ ಹಿಡಿಯಿತು. ಇದನ್ನು ಸರಿಯಾಗಿ ಹಿಡಿಯದಿದ್ದರೆ ಕಾಡು ಎಷ್ಟು ಇಂಗಾಲ ಹೀರುತ್ತದೆ ಎಂಬ ಲೆಕ್ಕವೇ ತಲೆಕೆಳಗಾಗುತ್ತದೆ. ಅದು ನಿಜವಾಗಿಯೂ ಆಗಿದೆ, ಮುಂದೆ ಹೇಳುತ್ತೇನೆ.

ಮೊದಲು ಗಾಳಿಯ ವೇಗ ಎತ್ತರದ ಜೊತೆ ಹೇಗೆ ಬದಲಾಗುತ್ತದೆ ನೋಡೋಣ. ಬಟ್ಟಬಯಲಿನಲ್ಲಿ ನೆಲಕ್ಕೆ ತಾಗಿದ ಗಾಳಿ ನಿಂತಿರುತ್ತದೆ. ಮೇಲೆ ಹೋದಂತೆ ವೇಗ ಏರುತ್ತದೆ, ಮೊದಲು ಬೇಗ, ಆಮೇಲೆ ನಿಧಾನಕ್ಕೆ. ಕಾಡಿನ ಮೇಲೆ ಹಾಗಲ್ಲ. ಮಧ್ಯ ಅಮೆಜಾನ್‌ನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಒಟ್ಟು 5–6 ಚದರ ಮೀಟರ್ ಎಲೆ ಇರುತ್ತದೆ. ಒಂದೊಂದು ಎಲೆಯೂ, ಒಂದೊಂದು ರೆಂಬೆಯೂ ಗಾಳಿಯನ್ನು ಸ್ವಲ್ಪ ಸ್ವಲ್ಪ ತಡೆಯುತ್ತದೆ. ಹಾಗಾಗಿ ಮೇಲಿನ ಗಾಳಿಯ ಮಟ್ಟಿಗೆ ನೆಲ ಕೆಳಗಿಲ್ಲ, ಮೇಲಕ್ಕೆ ಎದ್ದು ಬಂದಿದೆ. ಮರದ ಎತ್ತರದ ಮೂರನೇ ಎರಡು ಪಾಲಿನಿಂದ ನಾಲ್ಕನೇ ಮೂರು ಪಾಲಿನ ತನಕ ಅದು ಏರಿರುತ್ತದೆ. 40 ಮೀಟರ್ ಎತ್ತರದ ಕಾಡು ಅಂದರೆ ಗಾಳಿಯ ಲೆಕ್ಕದಲ್ಲಿ ಸುಮಾರು 30 ಮೀಟರ್ ಮೇಲಿರುವ, ತೀರಾ ಉಬ್ಬುತಗ್ಗಿನ ಒಂದು ನೆಲ.

ಆದರೆ ಈ ನೆಲ ಗಟ್ಟಿಯಲ್ಲ, ತೂತುಗಳಿಂದ ತುಂಬಿದ್ದು. ಗಾಳಿ ಒಳಗೂ ಹೋಗಬಹುದು. ಇಲ್ಲಿಯೇ ವಿಷಯ ಸ್ವಾರಸ್ಯವಾಗುವುದು. ಒಳಗೆ ನಿಧಾನ ಗಾಳಿ, ಮೇಲೆ ವೇಗದ ಗಾಳಿ. ಎರಡರ ನಡುವೆ, ಮರದ ನೆತ್ತಿಯ ಆಸುಪಾಸಿನ ಕೆಲವೇ ಮೀಟರ್‌ಗಳಲ್ಲಿ ವೇಗ ದಿಢೀರನೆ ಏರುತ್ತದೆ. ಗ್ರಾಫ್ ಬರೆದರೆ ಅಲ್ಲಿ ಗೆರೆ ತಿರುವು ತೆಗೆದುಕೊಳ್ಳುವುದು ಕಾಣುತ್ತದೆ. ಹೀಗೆ ವೇಗ ಬೇರೆಬೇರೆಯಾದ ಎರಡು ಹರಿವುಗಳು ಒಂದಕ್ಕೊಂದು ತಾಗಿಕೊಂಡಾಗ ಆ ಗಡಿ ನೆಟ್ಟಗೆ ಉಳಿಯುವುದಿಲ್ಲ.

ಅದಕ್ಕೆ ಒಳ್ಳೆಯ ಉದಾಹರಣೆ ಅದೇ ಅಮೆಜಾನ್‌ನಲ್ಲಿ ಇದೆ. ಮನೌಸ್ ನಗರದ ಬಳಿ ರಿಯೊ ನೆಗ್ರೊದ ಕಪ್ಪು ನೀರು ಮತ್ತು ಸೊಲಿಮೋಯಿಸ್ ನದಿಯ ಕೆಸರು ಬಣ್ಣದ ನೀರು ಸೇರುತ್ತವೆ. ಸೇರಿದರೂ ಸುಮಾರು 6 ಕಿಲೋಮೀಟರ್ ದೂರ ಅಕ್ಕಪಕ್ಕದಲ್ಲೇ ಹರಿಯುತ್ತವೆ. ನೆಗ್ರೊ ನಿಧಾನ, ಸೊಲಿಮೋಯಿಸ್ ವೇಗ. ಎರಡು ಬಣ್ಣಗಳ ಗಡಿಯನ್ನು ದೋಣಿಯಿಂದ ನೋಡಿದರೆ ಅಲ್ಲಿ ಸಾಲು ಸಾಲು ಸುಳಿಗಳು. ಮೊದಲು ಗಡಿ ಸ್ವಲ್ಪ ಅಂಕುಡೊಂಕಾಗುತ್ತದೆ. ಆ ಡೊಂಕು ಬೆಳೆದು ಅಲೆಯಾಗುತ್ತದೆ. ಅಲೆ ಮಗುಚಿಕೊಂಡು ಸುಳಿಯಾಗುತ್ತದೆ. ಕಂದು ನೀರಿನ ನಾಲಗೆ ಕಪ್ಪಿನೊಳಗೆ, ಕಪ್ಪಿನದ್ದು ಕಂದಿನೊಳಗೆ. ಭೌತಶಾಸ್ತ್ರದಲ್ಲಿ ಇದಕ್ಕೆ ಕೆಲ್ವಿನ್–ಹೆಲ್ಮ್‌ಹೋಲ್ಟ್ಜ್ ಅಸ್ಥಿರತೆ ಎನ್ನುತ್ತಾರೆ. ಈ ಚಿತ್ರವನ್ನು ಎತ್ತಿ ನಿಲ್ಲಿಸಿ, ವೇಗದ ನದಿಯನ್ನು ಮೇಲೆ, ನಿಧಾನದ್ದನ್ನು ಕೆಳಗೆ ಇಟ್ಟುಕೊಳ್ಳಿ. ಕಾಡಿನ ನೆತ್ತಿಯಲ್ಲಿ ಗಾಳಿಗೆ ಆಗುವುದು ಅದೇ.

1996ರಲ್ಲಿ ಮೈಕೆಲ್ ರೌಪಾಕ್, ಜಾನ್ ಫಿನ್ನಿಗನ್ ಮತ್ತು ಈವ್ ಬ್ರುನೆ ಎಂಬ ಮೂವರು ವಿಜ್ಞಾನಿಗಳು ಈ ಮಾತನ್ನು ಗಟ್ಟಿ ಆಧಾರಗಳ ಜೊತೆ ಮಂಡಿಸಿದರು. ಗಿಡಮರಗಳ ನೆತ್ತಿಯ ಮೇಲಿನ ಗಾಳಿಯನ್ನು ಗೋಡೆಯ ಮೇಲೆ ಹರಿಯುವ ಗಾಳಿಯಂತೆ ನೋಡಬೇಡಿ, ಎರಡು ಹರಿವುಗಳು ಬೆರೆಯುವ ಪದರದಂತೆ ನೋಡಿ ಎಂದರು. ಸುಳಿಗಳ ಗಾತ್ರವನ್ನು, ಅವುಗಳ ನಡುವಿನ ಅಂತರವನ್ನು ನಿರ್ಧರಿಸುವುದು ಆ ವೇಗದ ತಿರುವು ಎಷ್ಟು ಕಡಿದಾಗಿದೆ ಎಂಬುದು ಎಂದು ತೋರಿಸಿದರು. ಅದಕ್ಕೇ ಗಿಡ ಗಿಡ್ಡವಾಗಿದ್ದರೆ ಸುಳಿ ಸಣ್ಣದು, ಮರ ಎತ್ತರವಾಗಿದ್ದರೆ ಸುಳಿ ದೊಡ್ಡದು. ಗಾಳಿಗೆ ಭತ್ತದ ಗದ್ದೆಯಲ್ಲಿ ಅಲೆ ಓಡುವುದನ್ನು ನೀವು ನೋಡಿರುತ್ತೀರಿ, ಅಲ್ವಾ? ಅದು ತೆನೆಗಳ ಮೇಲೆ ಹಾದುಹೋಗುವ ಇದೇ ಜಾತಿಯ ಸುಳಿಗಳ ಹೆಜ್ಜೆ ಗುರುತು. ಕಾಡಿನಲ್ಲಿ ಅದು ಹತ್ತಾರು ಮೀಟರ್ ಗಾತ್ರದಲ್ಲಿ ಆಗುತ್ತದೆ.

ಅದಕ್ಕೂ ಮುಂಚೆ ಹೆಚ್ಚಿನವರು ನಂಬಿದ್ದ ಚಿತ್ರ ಬೇರೆ. ಗಾಳಿಯಲ್ಲಿ ಚಿಕ್ಕಚಿಕ್ಕ ಕಲಕಾಟ ಯಾವಾಗಲೂ ಇರುತ್ತದೆ. ಅನಿಲ ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ನಿಧಾನಕ್ಕೆ ಸರಿಯುತ್ತದೆ. ಹಾಗಾಗಿ ಎರಡು ಎತ್ತರದಲ್ಲಿ ಎಷ್ಟೆಷ್ಟು ಇದೆ ಎಂದು ಅಳೆದರೆ ಸಾಕು, ಯಾವ ಕಡೆ ಹೋಗುತ್ತಿದೆ ಎಂದು ಹೇಳಬಹುದು. ಕೇಳಲು ಸರಿಯಾಗಿಯೇ ಇದೆ. ಆದರೆ 1985ರಲ್ಲಿ ಆಸ್ಟ್ರೇಲಿಯಾದ ಡೆನ್‌ಮೀಡ್ ಮತ್ತು ಬ್ರಾಡ್ಲಿ ಒಂದು ಪೈನ್ ಕಾಡಿನೊಳಗೆ ಅಳೆದಾಗ ಉಲ್ಟಾ ಕಂಡಿತು. ಬಿಸಿಯೂ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಕೆಲವೊಮ್ಮೆ ಕಡಿಮೆ ಇರುವ ಕಡೆಯಿಂದ ಜಾಸ್ತಿ ಇರುವ ಕಡೆಗೆ ಹೋಗುತ್ತಿದ್ದವು! ಸರಾಸರಿ ಅಳತೆಯ ಪ್ರಕಾರ ಇದು ಆಗಲೇಬಾರದು.

ದೊಡ್ಡ ಸುಳಿಗಳನ್ನು ಮನಸ್ಸಿಗೆ ತಂದುಕೊಂಡರೆ ಇದರಲ್ಲಿ ಗೋಜಲಿಲ್ಲ. ಮೇಲಿನ ಒಂದು ದೊಡ್ಡ ಗಾಳಿಯ ಮುದ್ದೆ ಚಾವಣಿಯನ್ನು ತೂರಿ ಒಳಗೆ ನುಗ್ಗುತ್ತದೆ. ಒಳಗೆ ತುಂಬಿದ್ದ ತೇವದ ಗಾಳಿಯನ್ನು ಎಬ್ಬಿಸಿ ಹೊರಗೆ ಚಿಮ್ಮಿಸುತ್ತದೆ. ಅದಾದ ಮೇಲೆ ಸ್ವಲ್ಪ ಹೊತ್ತು ಎಲ್ಲವೂ ಸ್ತಬ್ಧ. ಆ ಸ್ತಬ್ಧ ಹೊತ್ತಿನಲ್ಲಿ ಎಲೆಗಳ ನಡುವೆ ಮತ್ತೆ ನೀರಾವಿ, ಬಿಸಿ ಕೂಡಿಕೊಳ್ಳುತ್ತವೆ. ಇನ್ನೊಂದು ಹೊಡೆತ ಬರುತ್ತದೆ, ಮತ್ತೆ ಖಾಲಿ. ಸರಾಸರಿ ತೆಗೆದರೆ ಸ್ತಬ್ಧವಾದ ಹೊತ್ತೇ ಜಾಸ್ತಿ, ಅದರ ಚಿತ್ರವೇ ಸಿಗುತ್ತದೆ. ಆದರೆ ಸಾಗಾಟ ನಡೆದದ್ದು ಹೊಡೆತಗಳಲ್ಲಿ.

ಬೆಳೆಗಳ ಮೇಲೂ ಕಾಡುಗಳ ಮೇಲೂ ಮಾಡಿದ ಅಳತೆಗಳು ಹೇಳುವುದನ್ನು ಕೇಳಿ. ಗಾಳಿಯ ವೇಗದ ಬಲ ಗಿಡಗಳ ನೆತ್ತಿಗೆ ಇಳಿಯುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು, ಒಟ್ಟು ಸಮಯದ ಹತ್ತನೇ ಒಂದು ಪಾಲಿಗೂ ಕಡಿಮೆ ಹೊತ್ತಿನಲ್ಲಿ ಆಗಿಹೋಗುತ್ತದೆ. ಬಯಲಿನ ಮೇಲೆ ಮೇಲಕ್ಕೆ ಚಿಮ್ಮುವ ಗಾಳಿಯದ್ದು ದೊಡ್ಡ ಪಾತ್ರ. ಕಾಡಿನ ನೆತ್ತಿಯಲ್ಲಿ ಮತ್ತು ಒಳಗೆ ಕೆಳಕ್ಕೆ ನುಗ್ಗುವ ಗಾಳಿಯದ್ದೇ ಮೇಲುಗೈ.

ಈ ಸೆಕೆಂಡುಗಳ ಆಟವನ್ನು ಹಿಡಿಯಲು ಸೆಕೆಂಡಿಗಿಂತ ಚುರುಕಾದ ಉಪಕರಣ ಬೇಕು. ತಿರುಗುವ ಬಟ್ಟಲುಗಳ ಗಾಳಿಮಾಪಕ ಇದಕ್ಕೆ ಸಾಲದು. ಅಳತೆಗೆಂದು ಮರಗಳ ನೆತ್ತಿಗಿಂತ ಎತ್ತರಕ್ಕೆ ಕಟ್ಟಿದ ಗೋಪುರಗಳ ಮೇಲೆ ಇಡುವುದು ಸೋನಿಕ್ ಅನಿಮಾಮೀಟರ್, ಅಂದರೆ ಶಬ್ದದಿಂದ ಗಾಳಿಯನ್ನು ಅಳೆಯುವ ಉಪಕರಣ. ಅದರಲ್ಲಿ ಮೂರು ಜೋಡಿ ಪುಟ್ಟ ಕಡ್ಡಿಗಳು ಎದುರುಬದುರಾಗಿ ಇರುತ್ತವೆ. ಒಂದರಿಂದ ಇನ್ನೊಂದಕ್ಕೆ ನಮ್ಮ ಕಿವಿಗೆ ಕೇಳದ ಶಬ್ದದ ಮಿಡಿತ ಹೋಗುತ್ತದೆ. ಗಾಳಿ ಆ ಕಡೆಗೇ ಬೀಸುತ್ತಿದ್ದರೆ ಶಬ್ದ ಬೇಗ ತಲುಪುತ್ತದೆ, ಎದುರಿದ್ದರೆ ತಡವಾಗಿ. ಈ ವ್ಯತ್ಯಾಸದಿಂದ ಗಾಳಿ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದು ಸೆಕೆಂಡಿಗೆ 10–20 ಬಾರಿ ಗೊತ್ತಾಗುತ್ತದೆ. ಪಕ್ಕದಲ್ಲೇ ಇನ್ನೊಂದು ಉಪಕರಣ ಅತಿಗೆಂಪು ಬೆಳಕಿನಿಂದ ಇಂಗಾಲದ ಡೈಆಕ್ಸೈಡನ್ನೂ ನೀರಾವಿಯನ್ನೂ ಅಷ್ಟೇ ಚುರುಕಾಗಿ ಅಳೆಯುತ್ತದೆ.

ಮೇಲೇರುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿತ್ತು, ಕೆಳಗಿಳಿಯುವ ಗಾಳಿಯಲ್ಲಿ ಎಷ್ಟಿತ್ತು ಎಂದು ಒಂದೊಂದು ಕ್ಷಣವೂ ಗುಣಿಸುತ್ತಾ ಹೋಗಿ, ಸುಮಾರು ಅರ್ಧ ಗಂಟೆಗೆ ಸರಾಸರಿ ತೆಗೆಯುತ್ತಾರೆ. ಕೆಳಗೆ ಹೋಗುವ ಗಾಳಿಯಲ್ಲಿ ಜಾಸ್ತಿ, ಮೇಲೆ ಬರುವುದರಲ್ಲಿ ಕಡಿಮೆ ಇದ್ದರೆ ಕಾಡು ಅಷ್ಟನ್ನು ಇಟ್ಟುಕೊಂಡಿತು ಎಂದರ್ಥ. ಎಡ್ಡಿ ಕೋವೇರಿಯನ್ಸ್ ಎಂಬ ಈ ವಿಧಾನ ಈಗ ಜಗತ್ತಿನ ನೂರಾರು ಗೋಪುರಗಳಲ್ಲಿ ನಡೆಯುತ್ತಿದೆ. ಕಾಡಿಗೂ ಆಕಾಶಕ್ಕೂ ನಡುವಿನ ಕೊಡುಕೊಳ್ಳುವಿಕೆಯನ್ನು ನೇರವಾಗಿ ಅಳೆಯಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಒಂದು ಷರತ್ತಿದೆ: ಗಾಳಿ ಕಲಕಾಡುತ್ತಿರಬೇಕು. ಸುಳಿಗಳು ಸತ್ತರೆ ಈ ಅಳತೆಯೂ ಸತ್ತಂತೆ.

ಉಷ್ಣವಲಯದ ರಾತ್ರಿಗಳ ತೊಂದರೆ ಇದೇ. ಸಮಭಾಜಕದ ಹತ್ತಿರ ವರ್ಷವಿಡೀ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಹಗಲಿನಲ್ಲಿ ಬಿಸಿಯಿಂದ ಒಂದು ಕಿಲೋಮೀಟರ್, ಒಂದೂವರೆ ಕಿಲೋಮೀಟರ್ ತನಕ ಎದ್ದು ಬೆರೆಯುತ್ತಿದ್ದ ಗಾಳಿ ಈಗ ತಣ್ಣಗಾಗುತ್ತದೆ. ಮರಗಳ ನೆತ್ತಿ ಆಕಾಶಕ್ಕೆ ಬಿಸಿ ಬಿಟ್ಟುಕೊಂಡು ತಣಿಯುತ್ತದೆ. ಅದರ ಮೇಲೆ ತಣ್ಣನೆಯ, ಭಾರದ ಗಾಳಿಯ ತೆಳು ಪದರ ಕೂತುಬಿಡುತ್ತದೆ. ಭಾರದ ಗಾಳಿ ಕೆಳಗೆ, ಹಗುರದ್ದು ಮೇಲೆ. ಹೀಗಿದ್ದಾಗ ಸುಳಿಗಳು ಏಳುವುದೇ ಕಷ್ಟ. ಮೊದಲೇ ಅಮೆಜಾನ್ ಒಳನಾಡಿನಲ್ಲಿ ಗಾಳಿ ಮಂದ.

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಾಡಿನ ಒಳಗೆ ಹಗಲು ರಾತ್ರಿಗಳು ಅದಲುಬದಲು. ಹಗಲು ಹೊತ್ತು ನೆತ್ತಿ ಬಿಸಿ, ಬುಡ ತಂಪು. ತಂಪು ಗಾಳಿ ಕೆಳಗೇ ಇರುವುದರಿಂದ ಅದು ತಾನಾಗಿ ಏಳುವುದಿಲ್ಲ. ಹೊರಗೆ ಬಿಸಿಲಿನಲ್ಲಿ ಗಾಳಿ ಕುದಿಯುತ್ತಿದ್ದರೂ ಒಳಗೆ ತಣ್ಣಗೆ ಕೂತಿರುತ್ತದೆ. ರಾತ್ರಿ ನೆತ್ತಿ ತಣಿದು ಅಲ್ಲಿನ ಗಾಳಿ ಎಲೆಗಳ ನಡುವಿನಿಂದ ಕೆಳಗೆ ಜಾರುತ್ತದೆ. ಆಗ ಒಳಗಿನ ಗಾಳಿ ನಿಧಾನಕ್ಕೆ ಬೆರೆಯುತ್ತದೆ. ಅಂದರೆ ರಾತ್ರಿ ಒಳಗೆ ಸ್ವಲ್ಪ ಚಲನೆ ಇದೆ, ಆದರೆ ಮೇಲಿನ ಬಾಗಿಲು ಮುಚ್ಚಿದೆ.

ಮಣ್ಣು, ಬೇರು, ಕೊಳೆಯುವ ಎಲೆ ಮಾತ್ರ ರಾತ್ರಿಯೆಲ್ಲ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತವೆ. ಅದು ಒಳಗೇ ಕೂಡಿಕೊಳ್ಳುತ್ತದೆ. ಸ್ವಲ್ಪ ಇಳಿಜಾರಿದ್ದರೂ ಸಾಕು, ತಣ್ಣನೆಯ ಗಾಳಿಯ ಜೊತೆ ಅದು ಮರದ ಬುಡಗಳ ನಡುವೆ ತಗ್ಗಿನ ಕಡೆಗೆ ಹರಿದುಹೋಗುತ್ತದೆ. ಮನೌಸ್ ಉತ್ತರದ ಕಾಡುಗಳಲ್ಲಿ ದಿನ್ನೆಗಳ ನಡುವಿನ ಕಣಿವೆಗಳಲ್ಲಿ ಹೀಗೆ ಕೂಡಿಕೊಳ್ಳುವುದನ್ನು ಅಳೆದಿದ್ದಾರೆ. ಗೋಪುರ ಇರುವುದು ದಿನ್ನೆಯ ಮೇಲೆ, ಉಪಕರಣ ಇರುವುದು ಅದರ ತುದಿಯಲ್ಲಿ. ಕೆಳಗೆ ಪಕ್ಕಕ್ಕೆ ಜಾರಿಹೋದದ್ದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಈಗ ಆಗಲೇ ಹೇಳಿದ ಲೆಕ್ಕದ ಕಥೆ. 1995–96ರಲ್ಲಿ ಮನೌಸ್ ಬಳಿಯ ಕುಯೆಯಿರಾಸ್ ಕಾಡಿನ ಗೋಪುರದಲ್ಲಿ ಒಂದು ವರ್ಷ ಅಳೆದರು. ಕಾಡು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 5.9 ಟನ್ ಇಂಗಾಲ ಹೀರುತ್ತಿದೆ ಎಂದು 1998ರಲ್ಲಿ ಪ್ರಕಟವಾಯಿತು. ಅದೇ ವರ್ಷ ಇನ್ನೊಂದು ತಂಡ ದಕ್ಷಿಣ ಮತ್ತು ಮಧ್ಯ ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ ಮರಗಳ ಸುತ್ತಳತೆಯನ್ನು ವರ್ಷಗಟ್ಟಲೆ ಅಳೆದ ಲೆಕ್ಕ ಕೊಟ್ಟಿತು. ಅದರ ಪ್ರಕಾರ ಮರಗಳಲ್ಲಿ ಕೂಡಿದ್ದು ಸುಮಾರು 0.7 ಟನ್. ಎಂಟು ಪಟ್ಟು ವ್ಯತ್ಯಾಸ! ವರ್ಷಕ್ಕೆ 6 ಟನ್ ನಿಜವಾಗಿಯೂ ಕೂಡಿದ್ದರೆ ಮರಗಳಲ್ಲಿ ಅದು ಎದ್ದು ಕಾಣಬೇಕಿತ್ತು.

ಹಗಲಿನ ಹೀರಿಕೆ ಪೂರ್ತಿ ಲೆಕ್ಕಕ್ಕೆ ಸಿಕ್ಕಿತ್ತು, ರಾತ್ರಿ ಬಿಟ್ಟದ್ದರಲ್ಲಿ ಒಂದಷ್ಟು ತಪ್ಪಿಸಿಕೊಂಡಿತ್ತು ಎಂಬ ಅನುಮಾನ ಬಲವಾಯಿತು. 2003ರಲ್ಲಿ ಸಾಂಟಾರೆಂ ಬಳಿಯ ತಪಜೋಸ್ ರಾಷ್ಟ್ರೀಯ ಅರಣ್ಯದ ಅಳತೆಗಳು ಪ್ರಕಟವಾದಾಗ ಅದಕ್ಕೆ ಗಟ್ಟಿ ಪುರಾವೆ ಸಿಕ್ಕಿತು. ಅಲ್ಲಿನ ತಂಡ ಗಾಳಿಯ ಕಲಕಾಟ ಒಂದು ಮಿತಿಗಿಂತ ಕಡಿಮೆ ಇದ್ದ ರಾತ್ರಿಗಳ ಅಳತೆಯನ್ನು ಬದಿಗಿಟ್ಟಿತು. ಆ ಜಾಗಕ್ಕೆ ಗಾಳಿ ಚೆನ್ನಾಗಿ ಆಡಿದ ರಾತ್ರಿಗಳ ಅಳತೆಯಿಂದ ಅಂದಾಜು ತುಂಬಿತು. ಮಿತಿ ಎಂದರೆ ಗಾಳಿ ಕಾಡನ್ನು ಎಳೆಯುವ ಬಲವನ್ನು ವೇಗದ ರೂಪದಲ್ಲಿ ಹೇಳುವ ಒಂದು ಸಂಖ್ಯೆ, ಅಲ್ಲಿ ಸೆಕೆಂಡಿಗೆ ಸುಮಾರು 0.2 ಮೀಟರ್. ಈ ತಿದ್ದುಪಡಿ ಇಲ್ಲದಿದ್ದರೆ ಕಾಡು ಇಂಗಾಲ ಹೀರುವಂತೆ ಕಾಣುತ್ತಿತ್ತು. ತಿದ್ದಿದ ಮೇಲೆ ಆ ಜಾಗದ ಕಾಡು ಇಂಗಾಲ ಬಿಡುತ್ತಿರುವುದು ತಿಳಿಯಿತು. ಹಿಂದೆ ಬಿದ್ದು ಸತ್ತ ಮರಗಳು ಅಲ್ಲಿ ತುಂಬಾ ಇದ್ದವು, ಅವು ಕೊಳೆಯುತ್ತಿದ್ದವು. ಸೆಕೆಂಡಿಗೆ ಒಂದು ಗೇಣಿನಷ್ಟು ಗಾಳಿಯ ಲೆಕ್ಕ ಒಂದು ಕಾಡಿನ ಜಮಾ–ಖರ್ಚನ್ನೇ ತಿರುಗಿಸಿಬಿಟ್ಟಿತು. ಹವಾಮಾನದ ಮಾತುಕತೆಗಳಲ್ಲಿ ಕಾಡಿನ ಇಂಗಾಲದ ಅಂಕಿಗಳನ್ನು ಕೇಳುವಾಗ ಅದರ ಹಿಂದೆ ಇಂಥ ರಾತ್ರಿಗಳಿವೆ ಎಂಬುದು ನಮಗೆ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಕಾರಣಕ್ಕೂ, ಇನ್ನೂ ಕೆಲವು ಕಾರಣಗಳಿಗೂ, ಬ್ರೆಜಿಲ್ ಮತ್ತು ಜರ್ಮನಿ ಸೇರಿ ಮನೌಸ್‌ನಿಂದ ಸುಮಾರು 150 ಕಿಲೋಮೀಟರ್ ಈಶಾನ್ಯಕ್ಕೆ, ಉವಾಟುಮಾ ಸಂರಕ್ಷಿತ ಪ್ರದೇಶದಲ್ಲಿ 325 ಮೀಟರ್ ಎತ್ತರದ ಗೋಪುರ ಕಟ್ಟಿವೆ. 2015ರಲ್ಲಿ ಉದ್ಘಾಟನೆಯಾದ ಇದರ ಹೆಸರು ಅಮೆಜಾನ್ ಟಾಲ್ ಟವರ್ ಅಬ್ಸರ್ವೇಟರಿ, ಚಿಕ್ಕದಾಗಿ ಅಟ್ಟೊ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ಮತ್ತು ಬ್ರೆಜಿಲ್‌ನ ರಾಷ್ಟ್ರೀಯ ಅಮೆಜಾನ್ ಸಂಶೋಧನಾ ಸಂಸ್ಥೆ ಇದರಲ್ಲಿ ಇವೆ. ಅಲ್ಲಿ ಮೊದಲೇ 80 ಮೀಟರ್ ಎತ್ತರದ ಗೋಪುರಗಳಿದ್ದವು. ಆದರೂ ಇಷ್ಟು ಎತ್ತರದ್ದು ಯಾಕೆ? ಮರಗಳ ನೆತ್ತಿಯಿಂದ ಹಿಡಿದು ಮರದ ಎತ್ತರದ ಎರಡು ಮೂರು ಪಟ್ಟಿನ ತನಕ ಗಾಳಿಯ ಮೇಲೆ ಹತ್ತಿರದ ಮರಗಳ ಗುರುತು ಇರುತ್ತದೆ. ಅದನ್ನು ದಾಟಿ ಮೇಲೆ ಹೋದರೆ ಉಪಕರಣಕ್ಕೆ ದೂರದ ಕಾಡೂ ಕಾಣುತ್ತದೆ, ನೂರಾರು ಕಿಲೋಮೀಟರ್ ತನಕ. ರಾತ್ರಿಯ ತಣ್ಣನೆಯ ಪದರ ಎಷ್ಟೋ ಸಲ ಗೋಪುರದ ಎತ್ತರದ ಒಳಗೇ ಮುಗಿಯುತ್ತದೆ. ಹಾಗಾಗಿ ಆ ಪದರದ ಒಳಗೂ ಮೇಲೂ ಒಟ್ಟಿಗೇ ಅಳೆಯಬಹುದು.

ಅಲ್ಲಿಗೆ ಬರುವ ಗಾಳಿ ಎಲ್ಲಿಯದು ಎಂಬುದೂ ಕುತೂಹಲದ ವಿಷಯ. ಮೂಡಣದಿಂದ ಬೀಸುವ ವಾಣಿಜ್ಯ ಮಾರುತಗಳು ಅಟ್ಲಾಂಟಿಕ್ ದಾಟಿ ಬರುತ್ತವೆ. ಎರಡು ಗೋಳಾರ್ಧಗಳ ಗಾಳಿ ಸೇರುವ ಪಟ್ಟಿ ವರ್ಷದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಓಡಾಡುತ್ತದೆ. ಮಳೆಗಾಲದಲ್ಲಿ ಅಟ್ಟೊಗೆ ಉತ್ತರ ಗೋಳಾರ್ಧದ ಗಾಳಿ, ಬೇಸಗೆಯಲ್ಲಿ ದಕ್ಷಿಣದ್ದು. ಫೆಬ್ರುವರಿಯಿಂದ ಏಪ್ರಿಲ್ ನಡುವೆ ಸಹಾರಾ ಮರುಭೂಮಿಯ ಧೂಳು ಈ ಕಾಡಿನ ಮೇಲೆ ಬಂದು ಇಳಿಯುತ್ತದೆ.

ಗಾಳಿ ಜೋರಾಗಿ ಕೆಳಗೆ ಬರುವ ಇನ್ನೊಂದು ಸಮಯ ಗುಡುಗು ಮಳೆಯದು. ಬೀಳುವ ಮಳೆ ಹನಿಗಳಲ್ಲಿ ಕೆಲವು ದಾರಿಯಲ್ಲೇ ಆವಿಯಾಗುತ್ತವೆ, ಗಾಳಿ ತಣ್ಣಗಾಗಿ ಭಾರವಾಗುತ್ತದೆ, ಮೋಡದಿಂದ ಕೆಳಗೆ ಸುರಿಯುತ್ತದೆ. ಕೆಲವೇ ನಿಮಿಷಗಳಲ್ಲಿ ಮೇಲಿನ ಓಝೋನ್ ಕಾಡಿನ ನೆತ್ತಿಗೆ ಬಂದು ತಲುಪುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇನ್ನೂ ಒಂದು ವಿಷಯ ತೋರಿಸಿತು: ಮೇಲಿನ ಆಕಾಶದಲ್ಲಿ ಹುಟ್ಟಿದ ಅತಿ ಸಣ್ಣ ಕಣಗಳನ್ನೂ ಈ ಗಾಳಿಯೇ ಕೆಳಗೆ ತರುತ್ತದೆ. ಆ ಕಣಗಳು ದೊಡ್ಡದಾಗಿ ಮುಂದಿನ ಮೋಡಗಳಿಗೆ ಬೀಜವಾಗುತ್ತವೆ.

ಕೆಲವೊಮ್ಮೆ ಈ ಗಾಳಿ ಮರಗಳನ್ನೇ ಮಲಗಿಸುತ್ತದೆ. 2005ರ ಜನವರಿ 16ರಿಂದ 18ರ ನಡುವೆ ಸುಮಾರು 1,000 ಕಿಲೋಮೀಟರ್ ಉದ್ದದ ಬಿರುಗಾಳಿ ಮಳೆಯ ಸಾಲೊಂದು ನೈಋತ್ಯದಿಂದ ಈಶಾನ್ಯಕ್ಕೆ ಇಡೀ ಅಮೆಜಾನ್ ಬಯಲನ್ನು ದಾಟಿತು. ಸುಮಾರು 50 ಕೋಟಿ ಮರಗಳು ಅದರಿಂದ ಸತ್ತಿರಬಹುದು ಎಂದು 2010ರಲ್ಲಿ ಅಂದಾಜು ಬಂತು. 2005ರಲ್ಲಿ ಅಮೆಜಾನ್‌ನಲ್ಲಿ ಭಾರೀ ಬರವೂ ಇತ್ತು. ಸತ್ತ ಮರಗಳ ಹೊಣೆಯನ್ನೆಲ್ಲ ಅದುವರೆಗೆ ಬರದ ಮೇಲೇ ಹಾಕಿದ್ದರು.

ಸುಳಿಗಳಿಂದ ಮರಗಳಿಗೆ ಉಪಕಾರವೂ ಇದೆ. ಅಮೆಜಾನ್‌ನ ದೈತ್ಯ ಮರಗಳಲ್ಲಿ ಸುಮಾಉಮಾ ಒಂದು. ನಮ್ಮಲ್ಲಿ ಬಿಳಿ ಬೂರುಗ ಎಂದು ಬೆಳೆಸಿ, ಅರಳೆಯನ್ನು ದಿಂಬಿಗೆ ತುಂಬುತ್ತೇವಲ್ಲ, ಅದೇ ಮರ. ಉಳಿದ ಮರಗಳಿಗಿಂತ ಮೇಲೆ ತಲೆ ಎತ್ತಿ ನಿಂತು ಅರಳೆಯ ಜೊತೆ ಬೀಜ ಬಿಡುತ್ತದೆ. ಗಾಳಿ ಮೇಲಕ್ಕೆ ಚಿಮ್ಮುವ ಕ್ಷಣ ಸಿಕ್ಕರೆ ಬೀಜ ಚಾವಣಿಯ ಮೇಲೆ ಏರಿ ದೂರ ಹೋಗುತ್ತದೆ. ಸಿಗದಿದ್ದರೆ ತಾಯಿ ಮರದ ಹತ್ತಿರವೇ ಬೀಳುತ್ತದೆ.

ಕಾಡು ಕಡಿದರೆ ಈ ಗಾಳಿಗೆ ಏನಾಗುತ್ತದೆ? ಮನೌಸ್ ಉತ್ತರಕ್ಕೆ 1979ರಿಂದ ಅಮೆರಿಕದ ಜೀವವಿಜ್ಞಾನಿ ಥಾಮಸ್ ಲವ್‌ಜಾಯ್ ಶುರು ಮಾಡಿದ ಒಂದು ದೊಡ್ಡ ಅಧ್ಯಯನ ನಡೆಯುತ್ತಿದೆ. ದನ ಮೇಯಿಸಲು ಕಡಿದ ಜಾಗಗಳ ನಡುವೆ ಉಳಿದ ಕಾಡಿನ ತುಂಡುಗಳನ್ನು ಅಲ್ಲಿ ಗಮನಿಸುತ್ತಾರೆ. ಹುಲ್ಲುಗಾವಲಿನ ಮೇಲೆ ತಡೆಯಿಲ್ಲದೆ ಬಂದ ಗಾಳಿ ಕಾಡಿನ ಅಂಚಿಗೆ ಬಂದು ಬಡಿಯುತ್ತದೆ. ಒಳಗೆ ನುಗ್ಗುವುದು ಈಗ ನೆತ್ತಿಯಿಂದಲ್ಲ, ಪಕ್ಕದಿಂದ. ಹೀಗೆ ಪಕ್ಕದಿಂದ ಬಡಿಯುವ ಗಾಳಿಯನ್ನೇ ಕಾಣದೆ ಬೆಳೆದ ಮರಗಳು ಒಣಗುತ್ತವೆ, ಮುರಿಯುತ್ತವೆ. ಅಂಚಿನಿಂದ 100 ಮೀಟರ್ ಒಳಗಿನ ತನಕ ಕೆಲವು ತುಂಡುಗಳು ಮೊದಲ 10–17 ವರ್ಷಗಳಲ್ಲೇ ತಮ್ಮ ಮರದ ತೂಕದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡವು.

ಇನ್ನೂ ದೊಡ್ಡ ಅಳತೆಯಲ್ಲಿ ಇದನ್ನು ಬ್ರೆಜಿಲ್‌ನ ರೊಂಡೋನಿಯಾ ರಾಜ್ಯದಲ್ಲಿ ನೋಡಬಹುದು. 1970–80ರ ದಶಕಗಳಲ್ಲಿ ಹೆದ್ದಾರಿಯ ಎರಡೂ ಬದಿ ಸಣ್ಣ ಸಣ್ಣ ಪಟ್ಟಿಗಳಾಗಿ ಕಾಡು ಕಡಿದರು. ಆಗ ಬಯಲಾದ ಜಾಗ ಸುತ್ತಲಿನ ಕಾಡಿಗಿಂತ ಬೇಗ ಕಾಯುತ್ತಿತ್ತು. ಬಿಸಿ ಗಾಳಿ ಏಳುತ್ತಿತ್ತು, ಕಾಡಿನ ತೇವದ ಗಾಳಿ ಆ ಕಡೆ ಸರಿಯುತ್ತಿತ್ತು, ಬಯಲಿನ ಮೇಲೆ ಚಿಕ್ಕ ಮೋಡಗಳು ಹೆಚ್ಚುತ್ತಿದ್ದವು. ಆ ಪಟ್ಟಿಗಳು ಕೂಡಿಕೊಂಡು ನೂರಾರು ಕಿಲೋಮೀಟರ್ ಅಗಲದ ಬಯಲಾದ ಮೇಲೆ ಆಟ ಬದಲಾಯಿತು. ಈಗ ಮುಖ್ಯವಾದದ್ದು ನೆಲದ ಒರಟುತನ. ಮರಗಳು ಹಿಡಿದು ನಿಧಾನ ಮಾಡುತ್ತಿದ್ದ ಗಾಳಿ ಹುಲ್ಲಿನ ಮೇಲೆ ಓಡುತ್ತದೆ. ಬಯಲಿಗೆ ಬಂದ ಕಡೆ ಗಾಳಿ ವೇಗ ಹೆಚ್ಚಿಸಿಕೊಂಡು ಚದುರುತ್ತದೆ, ಮೇಲಿನ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟುವುದು ಕಷ್ಟವಾಗುತ್ತದೆ. ಇನ್ನೊಂದು ತುದಿಯಲ್ಲಿ ಮತ್ತೆ ಕಾಡು ಅಡ್ಡ ಬಂದಾಗ ಗಾಳಿ ತಡೆದು, ಒತ್ತೊತ್ತಾಗಿ, ಮೇಲಕ್ಕೆ ಏರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಬೇಸಗೆಯಲ್ಲಿ ಗಾಳಿ ಬರುವ ಆಗ್ನೇಯದ ಕಡೆ ಮಳೆ ಕಡಿಮೆಯಾಗಿದೆ, ಗಾಳಿ ಹೋಗುವ ವಾಯವ್ಯದ ಕಡೆ ಹೆಚ್ಚಾಗಿದೆ. ಒಂದೇ ರಾಜ್ಯದ ಒಂದು ಬದಿಯ ರೈತರು ಕಳೆದುಕೊಂಡ ಮಳೆ ಇನ್ನೊಂದು ಬದಿಗೆ ಹೋಗಿ ಬೀಳುತ್ತಿದೆ.